ಅಮ್ಮ ಮಲಗಿ ಕೇಳಿದ ಹೆಡ್‌ಫೋನ್

ಹೆಡ್‌ಫೋನನ್ನು ನಿಂತು ಹಾಕಿ ನೋಡಿ ಖರೀದಿಸಬಾರದು, ಮಲಗಿ ಹಾಕಿ ನೋಡಿ ಖರೀದಿಸಬೇಕು ಎನ್ನುವುದನ್ನು ನಾನು ಹೈಸ್ಕೂಲಿನಲ್ಲಿದ್ದಾಗಲೇ ಕಂಡುಕೊಂಡಿದ್ದೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಒಂದಿಷ್ಟು ಜಂಬ ಇದೆ. ಅದರಲ್ಲಿ ನನ್ನ ಪಾಲು ಸ್ವಲ್ಪ, ನಮ್ಮಮ್ಮನ ಪಾಲೇ ಹೆಚ್ಚು.

ಎಂಬತ್ತರ ದಶಕದ ಮೊದಲ ವರ್ಷಗಳು. ಬನಶಂಕರಿ ಎರಡನೇ ಹಂತದ ಒಂದು ಮನೆಯ ಕೆಳಗಿನ ಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ನಾನು. ನಡುಮನೆ, ಒಂದು ಕೋಣೆ, ಅಡುಗೆಮನೆ, ಮುಂದೆ ಪುಟ್ಟ ಅಂಗಳ. ಎದುರಿಗೆ ಯಾರೂ ಕಟ್ಟದ ಸೈಟುಗಳು ಸಾಲಾಗಿ ಬಿದ್ದಿದ್ದವು. ಬೀದಿಯ ಹುಡುಗರಿಗೆ ಅದೇ ಕ್ರಿಕೆಟ್ ಮೈದಾನ. ಅಮ್ಮನ ತವರು ಹೊಸಕೆರೆಹಳ್ಳಿ, ಬೇಸಾಯದ ಮನೆ. ಅಣ್ಣಂದಿರ ಜೊತೆ ಚಿನ್ನಿದಾಂಡು ಆಡಿಕೊಂಡು ಬೆಳೆದವಳು. ಆ ಅಣ್ಣಂದಿರು ಮನೆಗೆ ರೇಡಿಯೋ ತಂದ ದಿನದಿಂದ ಅವಳಿಗೆ ಕ್ರಿಕೆಟ್ ಕಾಮೆಂಟರಿಯ ಹುಚ್ಚು ಹಿಡಿಯಿತು. ಕಾಮೆಂಟರಿ ತಿಳಿಯಬೇಕು ಅಂತಲೇ ಸಂಜೆ ತರಗತಿಗೆ ಹೋಗಿ ಹಿಂದಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದಳೆಂದು ನಮ್ಮ ಸೋದರಮಾವ ಹೇಳುತ್ತಿದ್ದರು. ಇಂಗ್ಲಿಷನ್ನು ಯಾರೂ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ನಿಜವಾದ ಕ್ರೀಡಾಂಗಣವನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತುಬಿಟ್ಟಳು. ಇಬ್ಬರು ಹೆಂಗಸರು ಹಿಡಿದುಕೊಂಡು ಮನೆಗೆ ತಂದರು. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿದೆ ಎಂದರು ಡಾಕ್ಟರು. ಹಾಸಿಗೆ ತೆಗೆದು ಹಲಗೆಯ ಮೇಲೆ ಮಲಗಬೇಕು, ತಲೆದಿಂಬು ತೆಳ್ಳಗಿರಬೇಕು, ತಾವು ಹೇಳುವವರೆಗೆ ಏಳಕೂಡದು ಎಂದು ಕಟ್ಟುನಿಟ್ಟು ಮಾಡಿದರು. ಎಷ್ಟು ದಿನ ಎಂದು ಕೇಳಿದರೆ, "ದಿನ ಅಲ್ಲಮ್ಮಾ, ತಿಂಗಳು ಅಂತ ಕೇಳಿ" ಎಂದರು.

ನಡುಮನೆಯ ಕಿಟಕಿಯ ಪಕ್ಕ ಅವಳ ಹಲಗೆ ಹಾಕಿದೆವು. ಅಪ್ಪ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹಗಲು ನಾನು ಶಾಲೆಗೆ ಹೋದರೆ ಅಮ್ಮನ ಹತ್ತಿರ ಯಾರೂ ಇರುವುದಿಲ್ಲವೆಂದು, ಬೇರೆಯವರು ಬೇಡವೆನ್ನುವ ರಾತ್ರಿ ಪಾಳಿಯನ್ನು ಅವರು ಕೇಳಿಕೊಂಡು ಹಾಕಿಸಿಕೊಂಡರು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನಿಂದ ಇಳಿದು ಬಂದು, ಅನ್ನ ಸಾರು ಮಾಡಿ, ಅಮ್ಮನ ಮುಖ ತೊಳೆಸಿ, ತಲೆ ಬಾಚಿ, ನನ್ನನ್ನು ಶಾಲೆಗೆ ಕಳಿಸಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಅಮ್ಮ ಕರೆದರೆ ಕೇಳಲಿ ಎಂದು ಅದನ್ನೂ ಅರ್ಧ ಸರಿಸಿಡುತ್ತಿದ್ದರು.

ಹಾಗಾಗಿ ಹಗಲೆಲ್ಲ ಮನೆಯಲ್ಲಿ ರೇಡಿಯೋ ಹಾಕುವಂತಿರಲಿಲ್ಲ. ಅಪ್ಪ ಒಮ್ಮೆಯೂ ಬೇಡ ಅನ್ನಲಿಲ್ಲ. "ಹಾಕ್ಕೊಳ್ಳೇ, ನಂಗೆ ಗುಡುಗಿದ್ರೂ ಎಚ್ಚರ ಆಗಲ್ಲ" ಅನ್ನುತ್ತಿದ್ದರು. ಆದರೆ ಅಮ್ಮ ಸಣ್ಣಗೆ ಹಾಕಿದರೂ ಒಳಗೆ ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು. ಅಮ್ಮ ತಾನೇ ಆರಿಸಿಬಿಟ್ಟಳು. ಆಮೇಲೆ ಅವಳ ಮಾತೇ ಕಡಿಮೆಯಾಗುತ್ತಾ ಬಂತು. ಶಾಲೆಯಿಂದ ಬಂದು ಏನು ಮಾಡಿದೆ ಎಂದು ಕೇಳಿದರೆ, "ಇನ್ನೇನು ಮಾಡ್ಲಿ, ಮೇಲಿರೋ ಬಿರುಕು ನೋಡ್ತಾ ಬಿದ್ದಿದ್ದೆ. ಬಾಯಿಪಾಠ ಆಗೋಗಿದೆ" ಎನ್ನುತ್ತಿದ್ದಳು. ಊಟವೂ ಅಷ್ಟಕ್ಕಷ್ಟೇ. ನನಗೆ ಅವಳ ಬೆನ್ನಿಗಿಂತ ಆ ಮೌನದ ಭಯ ಹೆಚ್ಚಾಗಿತ್ತು.

ಟ್ರಾನ್ಸಿಸ್ಟರ್ ಜೊತೆಗೆ ಬಂದಿದ್ದ ಬಿಳಿ ಇಯರ್‌ಫೋನ್ ಒಂದು ಮೇಜಿನ ಖಾನೆಯಲ್ಲಿತ್ತು. ಒಂದೇ ಕಿವಿಗೆ ಸಿಕ್ಕಿಸುವಂಥದ್ದು, ಗಟ್ಟಿ ಪ್ಲಾಸ್ಟಿಕ್ಕು. ಸಂಭ್ರಮದಿಂದ ತಂದು ಅಮ್ಮನ ಕಿವಿಗೆ ಹಾಕಿದೆ. ನೇರ ಮಲಗಿದರೆ ಜಾರಿ ಬೀಳುತ್ತಿತ್ತು, ಆ ಮಗ್ಗುಲಿಗೆ ತಿರುಗಿದರೆ ಒಳಗೆ ಚುಚ್ಚುತ್ತಿತ್ತು. ಎರಡೇ ದಿನಕ್ಕೆ ಕಿವಿ ಕೆಂಪಗಾಗಿ ಊದಿಕೊಂಡಿತು. "ಬೆನ್ನು ಸಾಲ್ದು ಅಂತ ಕಿವೀನೂ ಡಾಕ್ಟರಿಗೆ ತೋರಿಸ್ಬೇಕಾ?" ಎಂದು ಅಮ್ಮ ತೆಗೆದಿಟ್ಟಳು.

ಮಹಡಿಯ ಮೇಲೆ ಮನೆ ಮಾಲೀಕರ ಮಗಳು ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅವರು ಎಲ್ಲಿಂದಲೋ ಒಂದು ಹಳೆಯ ಹೆಡ್‌ಸೆಟ್ ಕೇಳಿ ತಂದುಕೊಟ್ಟರು. ವೈರಿನ ಯೋಚನೆ ಆಮೇಲೆ, ಮೊದಲು ತಲೆಗೆ ಕೂರುತ್ತದೋ ನೋಡೋಣ ಎಂದು ಅಮ್ಮನಿಗೆ ತೊಡಿಸಿದೆವು. ಕಪ್ಪು ಡಬ್ಬಿಯಂಥ ಕಿವಿ, ನೆತ್ತಿಯ ಮೇಲೆ ಕಬ್ಬಿಣದ ಪಟ್ಟಿ. ಅಮ್ಮ ಬಹಳ ದಿನಗಳ ಮೇಲೆ ನಕ್ಕಳು. "ಎಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡ್ಲಿ, ಹೇಳಿ?" ಎಂದು ದನಿ ಬದಲಿಸಿ ಕೇಳಿದಳು. ಅಕ್ಕ ನಕ್ಕು ಗೋಡೆಗೆ ಒರಗಿದರು. ಆದರೆ ಆ ಭಾರಕ್ಕೆ ಕತ್ತು ಪಕ್ಕಕ್ಕೆ ವಾಲುತ್ತಿತ್ತು, ಪಟ್ಟಿ ಅವಳ ತುರುಬಿಗೆ ಒತ್ತುತ್ತಿತ್ತು. ತೆಗೆದು ವಾಪಸು ಕೊಟ್ಟೆವು.

ಅವತ್ತು ಸಂಜೆಯೇ ಅಪ್ಪ ಹೆಡ್‌ಫೋನ್ ಕೊಳ್ಳುವುದೆಂದು ತೀರ್ಮಾನಿಸಿದರು. "ರಜಾ ದಿನ ಜಯನಗರಕ್ಕೆ ಹೋಗಿ ಒಳ್ಳೇದು ನೋಡಿ ತರ್ತೀನಿ" ಎಂದರು.

"ನೀವು ಒಬ್ಬರೇ ಹೋಗ್ಬೇಡಿ ಕಣ್ರೀ" ಎಂದಳು ಅಮ್ಮ. "ನೀವು ನೋಡೋಕೆ ಚೆಂದ ಇರೋದು ತರ್ತೀರ. ಇವಳನ್ನ ಕರ್ಕೊಂಡೋಗಿ. ಇವಳ ಕಿವೀನೂ ನನ್ನ ಕಿವೀನೂ ಒಂದೇ ಅಳತೆ."

ನಾನು ಅವಳ ಪಕ್ಕ ಕೂತು ಏನೇನು ಬೇಕೆಂದು ಕೇಳಿಕೊಂಡೆ. ತಲೆಗೆ ಬಿಗಿಯಬಾರದು. ನೇರ ಮಲಗಿದಾಗ ನೆತ್ತಿಯ ಪಟ್ಟಿ ತುರುಬಿಗೂ ದಿಂಬಿಗೂ ತಗುಲಬಾರದು. ಮಗ್ಗುಲಾದಾಗ ದಿಂಬಿಗೂ ಕಿವಿಗೂ ನಡುವೆ ಗಂಟು ಸಿಕ್ಕಿದಂತಾಗಬಾರದು. ಬೆವರಬಾರದು. ಮುಖ್ಯವಾಗಿ ಓಲೆ ಒತ್ತಬಾರದು. ಅಮ್ಮನ ಕಿವಿಯಲ್ಲಿದ್ದದ್ದು ಮದುವೆಯಲ್ಲಿ ಹಾಕಿದ ಕೆಂಪು ಕಲ್ಲಿನ ಓಲೆ. "ಹೆಡ್‌ಫೋನಿಗೋಸ್ಕರ ಓಲೆ ಬಿಚ್ಚೋಳಲ್ಲ ನಾನು" ಎಂದು ಖಂಡಿತವಾಗಿ ಹೇಳಿದಳು. ಆದರೆ ಹೊರಡುವ ದಿನ ಅವಳೇ ಒಂದು ಉಪಾಯ ಮಾಡಿದಳು. "ಇವತ್ತೊಂದಿನ ನೀನು ಹಾಕ್ಕೊಂಡು ಹೋಗು. ಇದರ ಮೇಲೇ ಹಾಕಿ ನೋಡು" ಎಂದು ಓಲೆ ಬಿಚ್ಚಿ ನನ್ನ ಕಿವಿಗೆ ತಾನೇ ತಿರುಪಿದಳು. ಮಲಗಿದ್ದಲ್ಲಿಂದಲೇ, ನನ್ನ ತಲೆಯನ್ನು ತನ್ನ ಎದೆಯ ಹತ್ತಿರ ಬಗ್ಗಿಸಿಕೊಂಡು. ಕನ್ನಡಿಯಲ್ಲಿ ನೋಡಿಕೊಂಡೆ. ಲಂಗ ದಾವಣಿಯ ಹುಡುಗಿಗೆ ಮದುವಣಗಿತ್ತಿಯ ಓಲೆ. ಸ್ವಲ್ಪ ನಾಚಿಕೆಯೂ ಆಯಿತು.

ಅಮ್ಮನ ಹತ್ತಿರ ಮಹಡಿಯ ಅಕ್ಕನನ್ನು ಬಿಟ್ಟು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ಮಾರುವ ಅಂಗಡಿಗೆ ಹೋದೆವು. ಅಂಗಡಿಯವರು ಕನ್ನಡಕ ಹಾಕಿದ ದಪ್ಪನೆಯ ಮನುಷ್ಯ. ಗಾಜಿನ ಕಪಾಟಿನಿಂದ ಮೂರು ಬಗೆಯ ಹೆಡ್‌ಫೋನ್ ತೆಗೆದು ಮುಂದಿಟ್ಟರು.

"ಇದು ತಗೊಳ್ಳಿ ಸಾರ್. ಸಖತ್ ಸೌಂಡು" ಎಂದು ಎಲ್ಲಕ್ಕಿಂತ ದೊಡ್ಡದನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಹಾಕಿಕೊಂಡು ತಲೆದೂಗಿದರು. ಅಮ್ಮ ಹೇಳಿದ್ದು ನಿಜವಾಗಿತ್ತು. ಅವರಿಗೆ ಅದರ ಹೊಳಪೇ ಹಿಡಿಸಿಬಿಟ್ಟಿತ್ತು.

ನಾನು ತೊಟ್ಟು ನೋಡಿದೆ. ನಿಂತಿದ್ದಾಗ ಮೆತ್ತಗೆ ಹಿತವಾಗಿಯೇ ಇತ್ತು. ಆದರೆ ಅಮ್ಮ ನಿಂತುಕೊಂಡು ಕೇಳುವುದಿಲ್ಲವಲ್ಲ! ಗಿರಾಕಿಗಳು ಕೂರಲು ಗೋಡೆಯ ಪಕ್ಕ ಒಂದು ಉದ್ದನೆಯ ಬೆಂಚಿತ್ತು.

"ಅಂಕಲ್, ನಾನು ಇಲ್ಲಿ ಮಲ್ಕೊಂಡು ನೋಡ್ಬೋದಾ?" ಎಂದು ಕೇಳಿದೆ.

"ಏನು?"

"ಮಲ್ಕೊಂಡು. ಇದು ನಮ್ಮಮ್ಮಂಗೆ. ಅವರಿಗೆ ಬೆನ್ನು ಹಿಡ್ಕೊಂಡಿದೆ, ಎದ್ದೇಳೋ ಹಾಗಿಲ್ಲ. ಮಲಗೇ ಕೇಳ್ಬೇಕು."

ಅವರು ಅಪ್ಪನ ಮುಖ ನೋಡಿದರು. ಅಪ್ಪನ ಮುಖ ಕೆಂಪಾಗಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಒಂದು ಕ್ಷಣ, ಸಾಕು ಬಾರಮ್ಮಾ ಎಂದು ಕೈಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೇನೋ ಅಂದುಕೊಂಡೆ. ಅವರು ತಮ್ಮ ಸ್ವೆಟರ್ ಬಿಚ್ಚಿ, ತೆಳ್ಳಗೆ ಮಡಿಸಿ, ಬೆಂಚಿನ ತುದಿಗೆ ಇಟ್ಟರು. "ದಿಂಬು ಇಷ್ಟೇ ಎತ್ತರ ಇರ್ಬೇಕು, ಅಲ್ವಾ?" ಎಂದರು.

ಮಲಗಿದೆ. ದೊಡ್ಡ ಹೆಡ್‌ಫೋನಿನ ಪಟ್ಟಿ ಮಲಗಿದ ಕೂಡಲೇ ದಿಂಬಿಗೆ ತಾಗಿ ಹಣೆಯ ಮೇಲೆ ಜಾರಿತು. ಮಗ್ಗುಲಾದರೆ ಕಿವಿಯ ಕೆಳಗೆ ಬಟ್ಟಲು ಇಟ್ಟುಕೊಂಡು ಮಲಗಿದ ಹಾಗೆ, ಓಲೆ ಕೆನ್ನೆಗೆ ನಾಟುತ್ತಿತ್ತು. ಬೇಡ ಎಂದೆ. ಎರಡನೆಯದು ಚಿಕ್ಕದಾದರೂ ಹಿಡಿತ ಬಿಗಿ. ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಗಿ ಬೆವರಿತು. ಅಷ್ಟರಲ್ಲಿ ಅಂಗಡಿಯವರಿಗೂ ಹುರುಪು ಬಂದಿತ್ತು. ತಾವೇ ಗಲ್ಲಾ ಬಿಟ್ಟು ಎದ್ದು ಬಂದರು. "ಆ ಕಡೆ ತಿರುಗು ಪುಟ್ಟಾ. ಈಗ ಈ ಕಡೆ. ವೈರು ಕತ್ತಿಗೆ ಸುತ್ಕೊಳ್ತಾ ನೋಡು" ಎಂದು ಹೇಳಿಕೊಡತೊಡಗಿದರು. ಟೇಪ್ ಕೊಳ್ಳಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ನಗಲಿಲ್ಲ, ನಿಂತು ನೋಡುತ್ತಿದ್ದರು.

ಮೂರನೆಯದು ನೋಡಲು ಏನೇನೂ ಅಲ್ಲ. ಸಪೂರ ತಗಡಿನ ಪಟ್ಟಿ, ತುದಿಗಳಲ್ಲಿ ಕಿತ್ತಳೆ ಬಣ್ಣದ ಸ್ಪಂಜಿನ ಎರಡು ಬಿಲ್ಲೆ. ಹೊರದೇಶದ ಮಾಲು, ಆಗತಾನೇ ಬರತೊಡಗಿತ್ತಂತೆ. ಕೈಯಲ್ಲಿ ಹಿಡಿದರೆ ಭಾರವೇ ಇರಲಿಲ್ಲ. "ಇದು ಓಡಾಡೋ ಹುಡುಗ್ರಿಗೆ ಅಂತ ಬಂದಿರೋದು" ಎಂದರು ಅವರು. ಹಾಕಿಕೊಂಡು ಮಲಗಿದೆ. ಪಟ್ಟಿಯನ್ನು ನೆತ್ತಿಯಿಂದ ಸ್ವಲ್ಪ ಮುಂದಕ್ಕೆ ಜರುಗಿಸಿದರೆ ತುರುಬಿಗೂ ತಗುಲದು, ದಿಂಬಿಗೂ ತಗುಲದು. ಮಗ್ಗುಲಾದೆ. ಸ್ಪಂಜು ಓಲೆಯ ಸುತ್ತ ತಗ್ಗಿ, ಅದಕ್ಕೆ ಜಾಗ ಮಾಡಿಕೊಟ್ಟಿತು. ಕಣ್ಣು ಮುಚ್ಚಿ ಹಾಡು ಕೇಳುತ್ತಾ ಹಾಗೇ ಇದ್ದೆ. ಬೇಕೆಂದೇ ತಡ ಮಾಡಿದೆ. ಹಾಕಿಕೊಂಡಿರುವುದು ಮರೆತುಹೋಗುತ್ತದೋ ಇಲ್ಲವೋ ನೋಡಬೇಕಿತ್ತು.

"ಅಪ್ಪಾ, ಇದೇ" ಎಂದು ಎದ್ದೆ.

ಅಪ್ಪ ದೊಡ್ಡದರ ಕಡೆ ಒಮ್ಮೆ ಆಸೆಯಿಂದ ನೋಡಿದರು. "ನೀನು ಹೇಳ್ದ ಮೇಲೆ ಮುಗೀತು" ಎಂದರು. ಅಂಗಡಿಯವರು ಪೊಟ್ಟಣ ಕಟ್ಟುತ್ತಾ, "ಇಷ್ಟು ವರ್ಷ ವ್ಯಾಪಾರ ಮಾಡಿದೀನಿ ಸಾರ್, ಬೇರೆಯವರ ಬೆನ್ನಿಗೋಸ್ಕರ ಮಲಗಿ ನೋಡಿದ ಗಿರಾಕಿ ಇವಳೇ" ಎಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಆ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟಿದ್ದರು.

ಮನೆಗೆ ಬಂದು ಮೊದಲು ಅಮ್ಮನ ಓಲೆ ಅಮ್ಮನಿಗೆ ಹಾಕಿ, ಆಮೇಲೆ ಹೆಡ್‌ಫೋನ್ ತೊಡಿಸಿ ಟ್ರಾನ್ಸಿಸ್ಟರಿಗೆ ಸಿಕ್ಕಿಸಿದೆ. ಅಮ್ಮ ಕೇಳಿದಳು. ಆ ಕಡೆ ಈ ಕಡೆ ತಿರುಗಿದಳು. ತುಂಬಾ ಹಿತವಾಗಿದೆ ಎಂದಳು. ಆದರೆ ಮುಖದಲ್ಲಿ ಏನೋ ಕೊರತೆ ಇತ್ತು. ಕೆದಕಿ ಕೇಳಿದ ಮೇಲೆ, "ಒಂದೇ ಕಿವೀಲಿ ಬರ್ತಿದೆ ಕಣೇ. ಪರ್ವಾಗಿಲ್ಲ, ಸಾಕು" ಎಂದಳು. ನನಗೆ ಅಳುವೇ ಬಂತು. ಅಂಗಡಿಯಲ್ಲಿ ಕೇಳಿದ್ದು ದೊಡ್ಡ ಟೇಪ್ ರೆಕಾರ್ಡರಿನಿಂದ. ನಮ್ಮ ಟ್ರಾನ್ಸಿಸ್ಟರ್ ಒಂದೇ ಕಿವಿಗೆ ಕೊಡುವಂಥದ್ದು ಎಂದು ನನಗೆ ಹೊಳೆದೇ ಇರಲಿಲ್ಲ.

ಅಪ್ಪ ವೈರಿನ ತುದಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಎರಡು ಕಿವಿಗೆ ಹೋಗುವ ಎರಡು ತಂತಿಗಳನ್ನು ಜೋಡಿಸಿಬಿಟ್ಟರೆ ಸರಿಹೋಗುತ್ತದೆ ಎಂದರು. ಬೆಸುಗೆ ಹಾಕುವ ಕಡ್ಡಿ ಅವರ ಹತ್ತಿರವೇ ಇತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೊಸ ಪಿನ್ನಿಗೆ ತಂತಿ ಹಚ್ಚಿದರು. ರಾಳದ ಹೊಗೆಯ ವಾಸನೆ ಮನೆಯೆಲ್ಲ ತುಂಬಿತು. ಮತ್ತೆ ಸಿಕ್ಕಿಸಿದಾಗ ಅಮ್ಮನ ಎರಡೂ ಕೈ ಎರಡು ಕಿವಿಯ ಮೇಲೆ ಹೋದವು.

"ಎರಡರಲ್ಲೂ ಬರ್ತಿದೆ ಕಣ್ರೀ!" ಎಂದು ಅವಳು ಕೂಗಿದ್ದು ಮಹಡಿಯವರಿಗೂ ಕೇಳಿಸಿತು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ ಎಂಬ ಪಾಠ ನಮಗೆ ಅವತ್ತು ಆಯಿತು.

ಅಲ್ಲಿಂದಾಚೆಗೆ ಹಗಲು ಅಪ್ಪ ನಿದ್ದೆ ಮಾಡುತ್ತಿದ್ದರು, ಅಮ್ಮ ರೇಡಿಯೋ ಕೇಳುತ್ತಿದ್ದಳು, ಮನೆ ನಿಶ್ಶಬ್ದವಾಗಿರುತ್ತಿತ್ತು. ಸಂಜೆ ನಾನು ಬರುವಷ್ಟರಲ್ಲಿ ಅವಳಲ್ಲಿ ಹೇಳಲು ನೂರು ವಿಷಯ. ಊಟವೂ ಸೇರತೊಡಗಿತು. ಸ್ಪಂಜು ಎಣ್ಣೆಗೆ ಬೇಗ ಹಾಳಾಗುತ್ತದೆಂದು ಹಳೆಯ ರವಿಕೆಯ ಬಟ್ಟೆಯಲ್ಲಿ ಎರಡು ಪುಟ್ಟ ಕುಲಾವಿ ಹೊಲಿಸಿಕೊಂಡಳು.

ಆ ಸಲ ನಮ್ಮ ಊರಿನಲ್ಲೇ ಟೆಸ್ಟ್ ಮ್ಯಾಚ್ ಇತ್ತು. ನನಗೆ ಶಾಲೆಗೆ ರಜೆ. ಎದುರಿನ ಸೈಟಿನಲ್ಲಿ ಆಡುತ್ತಿದ್ದ ಹುಡುಗರಲ್ಲಿ ಒಬ್ಬ ಕಿಟಕಿಯಲ್ಲಿ ಇಣುಕಿ, "ಆಂಟಿ, ಸ್ಕೋರ್ ಎಷ್ಟು?" ಎಂದ. ಅಮ್ಮ ಒಂದು ಕಿವಿ ಬಿಡಿಸಿಕೊಂಡು ಪಿಸುಮಾತಿನಲ್ಲಿ ಹೇಳಿದಳು. ಕೊನೆಯ ವಿಕೆಟ್ ಬಿದ್ದದ್ದು ಹೇಗೆ ಎಂದು ಕೇಳಿದ. ಅದನ್ನೂ ಹೇಳಿದಳು. ಅವನು ಹೋಗಲಿಲ್ಲ. ಇನ್ನಿಬ್ಬರು ಬಂದರು. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳುಗಳ ತುಂಬ ಮುಖಗಳು. "ಅಂಕಲ್ ಮಲಗಿದಾರೆ. ಯಾರಾದ್ರೂ ಉಸಿರೆತ್ತಿದ್ರೆ ನಾನು ಹೇಳೋದೇ ಇಲ್ಲ" ಎಂದು ಎಚ್ಚರಿಸಿ, ಕಣ್ಣು ಮುಚ್ಚಿ ಶುರುಮಾಡಿದಳು.

ಒಂದು ಓವರ್ ಹಿಂದಿ, ಇನ್ನೊಂದು ಓವರ್ ಇಂಗ್ಲಿಷ್, ಯಾವುದಾದರೂ ಇರಲಿ, ಅವಳ ಬಾಯಿಂದ ಹೊರಗೆ ಬರುವಾಗ ಕನ್ನಡ. "ಬೌಲರ್ ಓಡಿ ಬರ್ತಿದಾನೆ... ಬಂದ... ಬಿಟ್ಟ. ಚೆಂಡು ಮೇಲಕ್ಕೆ ಏಳ್ಲೇ ಇಲ್ಲ, ಕಾಲ ಹತ್ರಾನೇ ಜಾರ್ಕೊಂಡು ಹೋಯ್ತು. ಇವನು ಹಾವಿಗೆ ಕೋಲು ಬೀಸ್ದಂಗೆ ಬೀಸಿದ, ಸಿಗ್ಲಿಲ್ಲ. ಕೀಪರ್ ತಲೆ ಮೇಲೆ ಕೈ ಇಟ್ಕೊಂಡ." ಇಷ್ಟೆಲ್ಲ ರೇಡಿಯೋದವರು ಹೇಳುತ್ತಿದ್ದರೋ, ಇವಳೇ ಸೇರಿಸುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಳದಲ್ಲಿ ದೊಡ್ಡವರೂ ಬಂದು ಕೂತರು. ಮಹಡಿಯ ಅಕ್ಕ ಮೆಟ್ಟಿಲ ಮೇಲೆ. ಹಿಂದಿನ ಬೀದಿಯ ಒಂದು ಮನೆಯಲ್ಲಿ ಟಿ.ವಿ. ಇತ್ತು. ಅಲ್ಲಿ ನೋಡುತ್ತಿದ್ದವರಲ್ಲಿ ಕೆಲವರು ಎದ್ದು ಇಲ್ಲಿಗೆ ಬಂದರೆಂದು ನಮ್ಮ ಬೀದಿಯವರು ಆಮೇಲೂ ಹೇಳುತ್ತಿದ್ದರು. ನಂಬುವವರು ನಂಬಲಿ, ನಾನಂತೂ ನಂಬುತ್ತೇನೆ.

ಎದುರಾಳಿಯ ವಿಕೆಟ್ ಬಿದ್ದರೆ ಯಾರೂ ಕೂಗುವಂತಿರಲಿಲ್ಲ. ಹುಡುಗರು ಎರಡೂ ಕೈ ಮೇಲಕ್ಕೆತ್ತಿ, ಬಾಯಿ ಅಗಲಿಸಿ, ಸದ್ದಿಲ್ಲದೆ ಕುಣಿಯುತ್ತಿದ್ದರು. ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ದಾರಿಹೋಕರು ನಿಂತು, ಇವರಿಗೇನಾಯಿತು ಎಂದು ನೋಡಿ ಮುಂದೆ ಹೋಗುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ಆಟ ಬಿಸಿಯಾಯಿತು. ಎದುರಾಳಿ ತಂಡದ ದೊಡ್ಡ ಆಟಗಾರ ಬಹಳ ಹೊತ್ತಿನಿಂದ ಅಲುಗಾಡದೆ ನಿಂತಿದ್ದ. ಅಮ್ಮನ ಪಿಸುಮಾತು ವೇಗವಾಯಿತು. "ಎತ್ತಿ ಹೊಡೆದ... ಮೇಲೆ ಹೋಯ್ತು, ಮೇಲೆ ಹೋಯ್ತು... ಕೆಳಗೆ ನಮ್ಮೋನು ಓಡ್ತಿದಾನೆ..." ಎಂದು ಅರೆಕ್ಷಣ ನಿಲ್ಲಿಸಿ, "ಹಿಡ್ದ! ಹಿಡ್ದ ಕಣ್ರೋ!" ಎಂದು ಮನೆ ಅದುರುವಂತೆ ಕಿರುಚಿದಳು.

ಪರದೆ ಸರಿಯಿತು. ಲುಂಗಿ ಸರಿಪಡಿಸಿಕೊಳ್ಳುತ್ತಾ, ಕೆದರಿದ ತಲೆಯಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕಿಟಕಿಯ ಮುಖಗಳೆಲ್ಲ ಮರದಂತಾದವು. ಓಡಲೋ ಬೇಡವೋ ಎಂದು ಹುಡುಗರು ನೋಡುತ್ತಿದ್ದರು. ಅಮ್ಮ ಕಣ್ಣು ಬಿಟ್ಟು ಅಪ್ಪನನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಯಾರು ಔಟು?" ಎಂದರು ಅಪ್ಪ.

ಅಮ್ಮ ಹೇಳಿದಳು.

"ಹಂಗಾದ್ರೆ ಇನ್ನೇನು, ಜೋರಾಗೇ ಹೇಳು. ಹಿಂದಿನೋರಿಗೆ ಕೇಳಿಸ್ತಿಲ್ಲ" ಎಂದು ಅವಳ ಹಲಗೆಯ ಕಾಲಬಳಿ ನೆಲದ ಮೇಲೆ ಕೂತರು. ಅಷ್ಟು ಹೊತ್ತಿನಿಂದ ತಡೆದಿಟ್ಟುಕೊಂಡಿದ್ದ ಕೂಗು ಅಂಗಳದಿಂದ ಒಮ್ಮೆಲೇ ಎದ್ದಿತು. ರೇಡಿಯೋದಿಂದ ಹೆಡ್‌ಫೋನಿನ ಪಿನ್ ಕಿತ್ತುಬಿಟ್ಟರೆ ಎಲ್ಲರಿಗೂ ಕೇಳಿಸುತ್ತದೆ ಎಂದು ನಾನು ಕೈ ಚಾಚಿದೆ. ಕಿಟಕಿಯಿಂದ ಹುಡುಗನೊಬ್ಬ, "ಬೇಡಕ್ಕಾ, ಆಂಟಿನೇ ಹೇಳ್ಲಿ" ಎಂದ. ಎಲ್ಲರೂ ಹೌದೆಂದರು. ಅಮ್ಮ ಹೆಡ್‌ಫೋನ್ ಸರಿಮಾಡಿಕೊಂಡು ಗಂಟಲು ಕೆರೆದುಕೊಂಡಳು. ಆಗ ಅವಳ ಮುಖದ ಮೇಲಿದ್ದ ಗತ್ತನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಮಲಗಿದ್ದವಳು ಅವಳು, ಆದರೆ ಅಷ್ಟೂ ಜನ ಅವಳ ಬಾಯಿ ಕಾಯುತ್ತಿದ್ದರು.

ಬೇಸಿಗೆಯ ಹೊತ್ತಿಗೆ ಡಾಕ್ಟರು ಏಳಲು ಅಪ್ಪಣೆ ಕೊಟ್ಟರು. ಮೊದಲು ಗೋಡೆ ಹಿಡಿದು, ಆಮೇಲೆ ನನ್ನ ಹೆಗಲು ಹಿಡಿದು, ಕೊನೆಗೆ ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿಕೊಂಡು ತಾನೇ ನಡೆದಳು. ಅಪ್ಪ ಹಗಲು ಪಾಳಿಗೆ ಮರಳಿದರು.

ರಜೆಯಲ್ಲಿ ಬೀದಿಯ ಹುಡುಗರು ಸುತ್ತಲಿನ ಬಡಾವಣೆಗಳ ತಂಡಗಳನ್ನು ಕರೆದು ಟೆನಿಸ್ ಬಾಲಿನ ಪಂದ್ಯಾವಳಿ ಏರ್ಪಡಿಸಿದರು. ಬಾಡಿಗೆಗೆ ಮೈಕ್ ಸೆಟ್ ತಂದಿದ್ದರು. ಅದರ ಮುಂದೆ ಕೂತು ಮಾತಾಡುವವರು ಯಾರೆಂದು ಚರ್ಚೆಯೇ ಆಗಲಿಲ್ಲವಂತೆ. ನೇರವಾಗಿ ನಮ್ಮ ಮನೆಗೆ ಬಂದು, "ಆಂಟಿ, ಕುರ್ಚಿ ಹಾಕಿಸಿದೀವಿ, ಹಿಂದೆ ದಿಂಬೂ ಇಟ್ಟಿದೀವಿ" ಎಂದರು. ಮೈಕಿನಲ್ಲಿ ಹೆಂಗಸರು ಕಾಮೆಂಟರಿ ಹೇಳುವುದನ್ನು ನಮ್ಮ ಕಡೆ ಆಗ ಯಾರೂ ಕೇಳಿರಲಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದಿದ್ದರು.

ಅಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಆ ಕುರ್ಚಿಯಲ್ಲಿ ಕೂತಳು. ಜೀವನದಲ್ಲಿ ಮೊದಲ ಸಲ ಆಟವನ್ನು ಕಣ್ಣಿನಿಂದ ನೋಡುತ್ತಾ ಹೇಳಬೇಕಾಗಿತ್ತು. ಮೊದಲ ಓವರಿನಲ್ಲಿ ತಡವರಿಸಿದಳು. ಕಣ್ಣು ಮುಚ್ಚಿಕೊಂಡು ಅಭ್ಯಾಸವಾಗಿದ್ದವಳಿಗೆ ಎದುರಿಗಿದ್ದದ್ದೇ ಅಡ್ಡಿಯಾಯಿತೋ ಏನೋ. ಆಮೇಲೆ ಓಘ ಸಿಕ್ಕಿತು. ಚೆಂಡು ಮೋರಿಗೆ ಬಿದ್ದದ್ದು, ಅಂಪೈರಿನ ಟೋಪಿ ಗಾಳಿಗೆ ಹಾರಿದ್ದು, ಹಸು ಬಂದು ಪಿಚ್ಚಿನ ಮೇಲೆ ನಿಂತದ್ದು, ಒಂದನ್ನೂ ಬಿಡಲಿಲ್ಲ. ಬೇರೆ ಬಡಾವಣೆಯ ಆಟಗಾರರು ಔಟಾಗಿ ಹೊರಗೆ ಬಂದವರು ಅವಳ ಕುರ್ಚಿಯ ಪಕ್ಕ ನಿಂತು, ತಾವು ಔಟಾದ ಬಗೆಯನ್ನು ಅವಳ ಬಾಯಲ್ಲಿ ಕೇಳಿ ನಗುತ್ತಿದ್ದರು.

ನಾನು ನೀರು ತರಲೆಂದು ಮನೆಯ ಕಡೆ ಹೊರಟವಳು ಹಿಂದಿನ ಬೀದಿಯವರೆಗೂ ನಡೆದುಕೊಂಡು ಹೋದೆ. ಎಲ್ಲಿಯವರೆಗೆ ಕೇಳಿಸುತ್ತದೆ ನೋಡೋಣ ಅನ್ನಿಸಿತ್ತು. ಮನೆಗಳ ಮುಂದೆ ಹೆಂಗಸರು ಕೆಲಸ ನಿಲ್ಲಿಸಿ ಕಿವಿಗೊಟ್ಟಿದ್ದರು. ಸಂಡಿಗೆ ಇಡುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, "ಯಾರಮ್ಮಾ ಅದು, ಇಷ್ಟು ಚೆನ್ನಾಗಿ ಹೇಳ್ತಿರೋದು?" ಎಂದು ಕೇಳಿದರು.

"ನಮ್ಮಮ್ಮ" ಎಂದೆ.